ನಾನು ಕೂಗದ ಸವಾಲು

ಸೋದರಮಾವನ ಹರಾಜು ಕಂಪನಿಯಲ್ಲಿ ಬೆಲೆ ಕೂಗುವವಳು ನಾನು. ಸಭೆಯಲ್ಲಿ ಯಾರೇ ಕೈ ಎತ್ತಲಿ, ಆ ಬೆಲೆಯನ್ನು ನಾನು ಗಟ್ಟಿಯಾಗಿ ಹೇಳಿದ ಮೇಲೆಯೇ ಅದು ಸವಾಲು. ನನ್ನ ಬಾಯಿಂದ ಬರದ ಬೆಲೆ ಲೆಕ್ಕಕ್ಕಿಲ್ಲ. ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇದೆ. ತಮ್ಮ ಆಸೆ ಬೇರೆಯವರಿಗೆ ಕಾಣಬಾರದೆನ್ನುವವರು ಮೊದಲೇ ಬಂದು ನನ್ನ ಕಿವಿಯಲ್ಲಿ ತಮ್ಮ ಕೊನೆಯ ಬೆಲೆ ಹೇಳಿ, ಆಮೇಲೆ ಏನೂ ಅರಿಯದವರಂತೆ ಕೂತುಬಿಡುತ್ತಾರೆ. ಆ ಬೆಲೆಯವರೆಗೆ ಅವರ ಪರವಾಗಿ ನಾನೇ ಏರಿಸುತ್ತ ಹೋಗಬೇಕು.

ಆ ಬೆಳಿಗ್ಗೆ ಹಾಗೆ ಬಂದವಳು ಸಾಣೆಯಕ್ಕ. ಕನ್ನಡಕದ ಗಾಜಿಗೆ ಸಾಣೆ ಹಿಡಿಯುವುದು ಅವಳ ಕಸುಬು. ಅವಳು ದುಡಿಯುತ್ತಿದ್ದ ಅಂಗಡಿ ಮುಚ್ಚಿ, ಅವಳು ಪಳಗಿದ ಯಂತ್ರವೇ ಅಂದು ಹರಾಜಿಗೆ ಬಂದಿತ್ತು.

"ಇದು ಸಿಕ್ಕಿದ್ರೆ ಸ್ವಂತ ಅಂಗಡಿ ಹಾಕ್ತೀನಿ. ಇಲ್ಲದಿದ್ರೆ ಇನ್ನೊಬ್ಬರ ಅಂಗಡೀಲಿ ಧೂಳು ಒರೆಸ್ಕೊಂಡು ಇರೋದೇ," ಎಂದವಳು ಬೆಲೆಯನ್ನು ಉಸುರಿದಳು. "ನನ್ನ ತಂಗಿಗೂ ಹೇಳಿಲ್ಲ ಕಣಮ್ಮ."

ಅವಳು ಹೊರಗೆ ಹೋದದ್ದೇ ಮಾವ ಆಫೀಸಿಗೆ ಕರೆದರು.

"ಎಷ್ಟು ಹೇಳಿದ್ಲು?"

"ಯಾಕೆ ಮಾವ?"

"ಆ ಯಂತ್ರಕ್ಕೆ ಹೊರಗೆ ಒಳ್ಳೆ ಗಿರಾಕಿ ಸಿಕ್ಕಿದ್ದಾರೆ. ನಾವೇ ತಗೊಂಡು ಕೊಡೋಣ ಅಂತ. ನಿಮ್ಮ ಭಾವ ಹಿಂದಿನ ಸಾಲಲ್ಲಿ ಕೂತ್ಕೋತಾರೆ. ಅವಳಿಗಿಂತ ಒಂದು ಮೆಟ್ಟಿಲು ಮೇಲೆ ಹೋದ್ರೆ ಸಾಕು."

ಭಾವ ಎಂದರೆ ಮಾವನ ಅಳಿಯ. ಹೊಸದಾಗಿ ಕಂಪನಿ ಸೇರಿದ್ದರಿಂದ ಗಿರಾಕಿಗಳು ಅವರ ಮುಖ ನೋಡಿರಲಿಲ್ಲ. ಅಂದು ದೊಡ್ಡ ಸಾಹುಕಾರರ ಹಾಗೆ ಕೋಟು ತೊಟ್ಟು ಬಂದು ಮಾವನ ಪಕ್ಕದಲ್ಲೇ ಕೂತಿದ್ದರು.

"ಕಿವೀಲಿ ಹೇಳಿದ್ದು ಕಿವೀಲೇ ಇರುತ್ತೆ, ಮಾವ."

"ತಪ್ಪೇನೇ ಇದ್ರಲ್ಲಿ? ಮಾರೋನಿಗೂ ನಾಲ್ಕು ಕಾಸು ಹೆಚ್ಚು ಬರುತ್ತೆ."

ಆ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಅದೇ ನನ್ನನ್ನು ಒಂದು ಗಳಿಗೆ ತಡೆದದ್ದು. ಮಾರುವವನಿಗೆ ಹೆಚ್ಚು ಸಿಕ್ಕರೆ ಅನ್ಯಾಯವೇನಿಲ್ಲ. ಕಂಪನಿ ಕೊಳ್ಳಲೇಬಾರದು ಎಂದೂ ನಾನು ಹೇಳಲಾರೆ. ಆದರೆ ತೂಗುವವನೇ ಕೊಳ್ಳುವವನೂ ಆಗಿದ್ದರೆ, ಅದು ಎದುರಿಗಿರುವವರಿಗೆ ಗೊತ್ತಿರಬೇಕು.

"ಹಾಗಾದ್ರೆ ಕಂಪನಿ ಹೆಸರಲ್ಲೇ ಕೈ ಎತ್ತಿಸಿ. ನಾನೇ ಕೂಗಿ ಹೇಳ್ತೀನಿ."

"ಹೇಳು, ನಾಳೆಯಿಂದ ಇಲ್ಲಿಗೆ ನೊಣಾನೂ ಬರಲ್ಲ. ಓದಿದ್ದು ಹೆಚ್ಚಾಯ್ತು ನಿಂಗೆ."

"ಓದಿಸಿದ್ದು ನೀವೇ."

ಭಾವ ನಕ್ಕರು. "ಬಿಡಿ ಮಾವ. ಇವಳು ಕೂಗೋದು ನಿಲ್ಲಿಸೋ ತನಕ ನಾನು ಏರಿಸ್ತಾ ಇರ್ತೀನಿ. ಆ ಹೆಂಗಸಿನ ಕೊನೆ ಎಲ್ಲಿ ಅಂತ ತಾನಾಗೇ ಗೊತ್ತಾಗುತ್ತೆ."

ಯಂತ್ರದ ಸರದಿ ಬಂತು. ಹಳೆ ಸಾಮಾನಿನ ಇಬ್ಬರು ವ್ಯಾಪಾರಿಗಳು ಸ್ವಲ್ಪ ದೂರ ಬಂದು ಕೈಬಿಟ್ಟರು. ಸಾಣೆಯಕ್ಕನ ಪರವಾಗಿ ನಾನು ಕೂಗಿದ ಬೆಲೆಯೇ ನಿಂತಿತ್ತು. ಅವಳ ಕೊನೆ ಇನ್ನೂ ದೂರವಿತ್ತು. ಆಗ ಹಿಂದಿನ ಸಾಲಿನಲ್ಲಿ ಕೋಟಿನ ತೋಳೊಂದು ಮೇಲೆದ್ದಿತು.

ಆ ಬೆಲೆಯನ್ನು ನಾನು ಕೂಗಲಿಲ್ಲ. "ಒಂದು ಸಲ," ಎಂದೆ.

"ಅಮ್ಮಾ, ಇಲ್ಲಿ! ಕಣ್ಣು ಕಾಣಲ್ವಾ?" ಎಂದರು ಭಾವ, ನನ್ನ ಪರಿಚಯವೇ ಇಲ್ಲದವರಂತೆ.

"ಚೆನ್ನಾಗಿ ಕಾಣುತ್ತೆ. ಎರಡು ಸಲ."

"ಕಾಣದಿದ್ರೆ ಸಾಣೆಯಕ್ಕ ಕನ್ನಡಕ ಮಾಡ್ಕೊಡ್ತಾಳೆ ಬಿಡಿ," ಎಂದ ಮುಂದಿನ ಸಾಲಿನ ಮುದಿ ವ್ಯಾಪಾರಿ. ಎಲ್ಲರೂ ನಕ್ಕರು, ಸಾಣೆಯಕ್ಕನೊಬ್ಬಳನ್ನು ಬಿಟ್ಟು.

ಮಾವ ದಡದಡನೆ ವೇದಿಕೆ ಹತ್ತಿದರು. "ಕೂಗೇ!"

"ಯಾರ ಸವಾಲು ಅಂತ ಕೂಗಲಿ ಮಾವ? ನೀವೇ ಹೇಳಿ, ಹಾಗೇ ಕೂಗ್ತೀನಿ."

ಸಭೆಯ ನಗು ನಿಂತಿತು. 'ನಮ್ಮದು' ಎಂದಿದ್ದರೆ ಸಾಕಿತ್ತು; ನಾನು ಕೂಗಿಬಿಡುತ್ತಿದ್ದೆ. ಮಾವ ಹಿಂದಿನ ಸಾಲಿನತ್ತ ನೋಡಿದರು. ಭಾವ ಎತ್ತಿದ ಕೈಯಿಂದ ತಲೆ ಸವರಿಕೊಂಡರು.

"ಮೂರು ಸಲ." ಸುತ್ತಿಗೆ ಬಡಿದೆ. "ಯಂತ್ರ ಸಾಣೆಯಕ್ಕನದು."

"ಸುತ್ತಿಗೆ ಇಟ್ಟು ಮನೆಗೆ ನಡಿ," ಮಾವ ಹಲ್ಲು ಕಚ್ಚಿ ಹೇಳಿದರು.

"ಸುತ್ತಿಗೆ ತಗೊಳ್ಳಿ. ಮನೆಗೆ ಮಾತ್ರ ಹೋಗಲ್ಲ."

ಕೆಳಗಿಳಿದು ಕೊಳ್ಳುವವರ ನಡುವೆ ಒಂದು ಕುರ್ಚಿ ಹಿಡಿದೆ. ಮಾವನೇ ಮುಂದಿನ ಸಾಮಾನನ್ನು ಹರಾಜಿಗಿಟ್ಟರು, ಕಬ್ಬಿಣದ ಬೀರು. ಯಾರೋ ಕೈ ಎತ್ತಿದರು. ಮಾವ ಬೆಲೆ ಕೂಗುವಷ್ಟರಲ್ಲಿ ನಾನು ಎದ್ದು ನಿಂತು ಕೇಳಿದೆ: "ಯಾರ ಸವಾಲು?"

"ನಂದೇ ಕಣಮ್ಮ, ನನ್ನ ಮನೆಗೆ," ಎಂದು ಕೈ ಎತ್ತಿದವನೂ ಎದ್ದು ನಿಂತ.

ಮುದಿ ವ್ಯಾಪಾರಿ ಎರಡನೆಯವನು. "ನಂದು, ನನ್ನ ಅಂಗಡಿಗೆ," ಎಂದು ತಾನಾಗಿಯೇ ಎದ್ದ.

ಮೂರನೆಯ ಕೈ ಎದ್ದಾಗ ಇಡೀ ಸಭೆ ಮಾವನ ಮುಖವನ್ನೇ ನೋಡುತ್ತಿತ್ತು. ಅವರು ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಗಂಟಲು ಸರಿಮಾಡಿಕೊಂಡು, ತಾವೇ ಕೇಳಿದರು:

"ಯಾರದು?"