ತಪ್ಪಿಲ್ಲದ ಎಂಟು ಎಳೆಗಳು

ನಾನು ಒಂದು ನೀಲಿ ಕೇಬಲ್. ಉದ್ದ ಐದು ಮೀಟರ್, ಹುಟ್ಟೂರು ಬಾಗಲಕೋಟೆಯ ಒಂದು ಕಂಪ್ಯೂಟರ್ ಅಂಗಡಿ. ಅಂಗಡಿಯ ಸಲೀಮ್ ನನ್ನನ್ನು ದೊಡ್ಡ ಸುರುಳಿಯಿಂದ ಕತ್ತರಿಸಿ, ತುದಿಗಳ ಸಿಪ್ಪೆ ಸುಲಿದು, ಒಳಗಿನ ಎಂಟು ಬಣ್ಣದ ತಂತಿಗಳನ್ನು ಸಾಲಾಗಿ ಜೋಡಿಸಿ ಇಕ್ಕಳದಿಂದ ಒತ್ತಿದ. ಈ ತುದಿಯಲ್ಲಿ ಕೇಸರಿ ಮೊದಲು, ಆ ತುದಿಯಲ್ಲೂ ಕೇಸರಿಯೇ ಮೊದಲು. ಅದೇ ದಿನ ಅವನು ಇನ್ನೊಂದು ಕೇಬಲ್ಲನ್ನೂ ಮಾಡಿದ. ಅದರ ಒಂದು ತುದಿಯಲ್ಲಿ ಕೇಸರಿ ಇರಬೇಕಾದಲ್ಲಿ ಹಸಿರು, ಹಸಿರು ಇರಬೇಕಾದಲ್ಲಿ ಕೇಸರಿ. ಅದನ್ನು ನೋಡಿ ನಾನು ಒಳಗೊಳಗೇ ನಕ್ಕಿದ್ದೆ. ಆ ನಗುವಿಗೆ ಇಂದಿಗೂ ನಾಚಿಕೆಯಾಗುತ್ತದೆ.

ನನ್ನನ್ನು ಕೊಂಡವರು ಗುಳೇದಗುಡ್ಡದ ಹುಚ್ಚೇಶಪ್ಪನವರು. ಅವರದು ಕುಪ್ಪಸದ ಖಣ ನೇಯುವ ಮನೆತನ. ಅಜ್ಜನ ಕಾಲದಿಂದ ಬಂದ ಇನ್ನೂರ ಹನ್ನೆರಡು ನಕ್ಷೆಗಳನ್ನು ಅವರು ಐದು ವರ್ಷ ಕೂತು ಹಳೆಯ ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ಬರೆದಿಟ್ಟಿದ್ದರು. ಮೂಲ ಹಾಳೆಗಳು ಗೆದ್ದಲಿನ ಪಾಲಾಗಿದ್ದವು. ಈಗ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡತೊಡಗಿತ್ತು. ಅದಕ್ಕೆ ಸಿಡಿ ಬರೆಯಲು ಬರುತ್ತಿರಲಿಲ್ಲ, ಫ್ಲಾಪಿ ಎಂದೋ ಕೈಕೊಟ್ಟಿತ್ತು. ಮಗಳು ಕಸ್ತೂರಿ ಹೊಸ ಕಂಪ್ಯೂಟರೊಂದನ್ನು ತಂದಿದ್ದಳು. ಎರಡರ ನಡುವೆ ಕೇಬಲ್ ಹಾಕಿ ನಕ್ಷೆಗಳನ್ನು ದಾಟಿಸಿಬಿಟ್ಟರೆ ನಿಂತುಹೋದ ಮಗ್ಗವನ್ನು ಮತ್ತೆ ಹೂಡಬಹುದು ಎಂಬುದು ಅವಳ ಆಸೆ. ಕಂಪ್ಯೂಟರನ್ನೇ ಬಾಗಲಕೋಟೆಗೆ ಒಯ್ಯಲು ಅಪ್ಪ ಒಪ್ಪಿರಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಇದ್ದ ಜೀವವೂ ಹೋದೀತೆಂಬ ಹೆದರಿಕೆ ಅವರದು.

ಕಸ್ತೂರಿ ಮೊದಲೇ ಫೋನ್ ಮಾಡಿದ್ದರಿಂದ ಸಲೀಮ್ ಕೇಬಲ್ ಸಿಕ್ಕಿಸಲು ಬೇಕಾದ ನಾಲ್ಕು ನೆಟ್‌ವರ್ಕ್ ಕಾರ್ಡ್‌ಗಳನ್ನೂ ಆ ಇನ್ನೊಂದು ಕೇಬಲ್ಲನ್ನೂ ಚೀಲದಲ್ಲಿ ತೆಗೆದಿಟ್ಟು, ಯಾವುದೋ ಮದುವೆಗೆಂದು ಊರಿಗೆ ಹೋಗಿದ್ದ. ಗಲ್ಲಾಪೆಟ್ಟಿಗೆಯ ಬಳಿ ಅವನ ತಂದೆ ಕೂತಿದ್ದರು, ಹಿಂದೆ ಟೇಲರ್ ಆಗಿದ್ದ ಮುದುಕರು. ಕಸ್ತೂರಿ ಮನೆಯಲ್ಲಿ ಎರಡೂ ಕಂಪ್ಯೂಟರ್ ಬಿಚ್ಚಿ ಒಳಗಿನ ಸ್ಲಾಟ್‌ಗಳ ಚಿತ್ರವನ್ನು ಅಳತೆ ಸಮೇತ ಬರೆದುಕೊಂಡು ಬಂದಿದ್ದಳು. ಕಾರ್ಡ್‌ಗಳನ್ನು ಒಂದೊಂದಾಗಿ ಹಾಳೆಯ ಮೇಲಿಟ್ಟು ಹೊಂದಿಸಿ, ಉದ್ದನೆಯ ಹಳೆಯ ನಮೂನೆಯವನ್ನು ಬದಿಗೆ ಸರಿಸಿ, ಸರಿಯಾದ ಎರಡನ್ನು ಆರಿಸಿದಳು.

"ಕಾರ್ಡ್ ನೀ ನೋಡಿದಿ. ಎಳಿ ನಾ ನೋಡ್ತೀನಿ," ಎಂದು ಹುಚ್ಚೇಶಪ್ಪನವರು ಚೀಲದ ಕೇಬಲ್ಲನ್ನು ಹೊರತೆಗೆದರು. ಎರಡೂ ತುದಿಗಳನ್ನು ಬೆಳಕಿಗೆ ಹಿಡಿದು, ಬಣ್ಣಗಳ ಮೇಲೆ ಉಗುರು ಆಡಿಸಿದರು. ನಲವತ್ತು ವರ್ಷ ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ಎಳೆ ತೂರಿಸಿದ ಕೈ ಅದು. ಎರಡು ಎಳೆ ಅದಲುಬದಲಾದರೂ ಖಣದ ಉದ್ದಕ್ಕೂ ಗೀರು ಬೀಳುತ್ತದೆ.

"ಇದರಾಗ ಎಳಿ ತಪ್ಪ್ಯಾವ್ರಿ. ಈ ಕಡೆ ಕೇಸರಿ ಐತಿ, ಆ ಕಡೆ ಹಸರು ಬಂದೈತಿ."

ಮುದುಕರು ಕನ್ನಡಕ ಏರಿಸಿ ನೋಡಿದರು. "ಹೌದಲ್ರಿ. ನಮ್ಮ ಹುಡುಗ ಗಡಿಬಿಡ್ಯಾಗ ಮಾಡಿರಬೇಕು. ಇದನ್ನ ಒಯ್ಯಿರಿ, ಇದು ನೆಟ್ಟಗೈತಿ," ಎಂದು ನನ್ನನ್ನು ಗೋಡೆಯ ಮೊಳೆಯಿಂದ ಇಳಿಸಿದರು.

"ಯಪ್ಪಾ, ಬೇಕಂತನ ಹಂಗ ಮಾಡಿದ್ರ? ಅವರನ್ನ ಕೇಳಿ ಒಯ್ಯೋಣು," ಅಂದಳು ಕಸ್ತೂರಿ.

"ಎಳಿ ತಪ್ಪಿದ್ದನ್ನ ಬೇಕಂತ ಯಾರ್ ಮಾಡ್ತಾರವಾ? ನನಗ ತಿಳಿಯೂದಿಲ್ಲೇನು?"

ಅವಳು ಕಾರ್ಡ್‌ಗಳನ್ನು ಚೀಲಕ್ಕೆ ಹಾಕಿದಳು. ಎಳೆಯ ವಿಷಯದಲ್ಲಿ ಹುಚ್ಚೇಶಪ್ಪನವರಿಗೆ ಎದುರಾಡುವವರು ಊರಲ್ಲೇ ಯಾರೂ ಇರಲಿಲ್ಲ. ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಕೂತು ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಮನೆಯಲ್ಲಿ ಕಾರ್ಡ್‌ಗಳು ಅಚ್ಚುಕಟ್ಟಾಗಿ ಕೂತವು. ನನ್ನ ತುದಿಗಳನ್ನು ಎರಡೂ ಕಡೆ ಸಿಕ್ಕಿಸಿದರು. ಕಾರ್ಡಿನ ಹಿಂದೆ ಹತ್ತಬೇಕಾದ ಹಸಿರು ದೀಪ ಹತ್ತಲಿಲ್ಲ. ಕಸ್ತೂರಿ ಕಾರ್ಡ್ ಕಿತ್ತು ಮತ್ತೆ ಹಾಕಿದಳು, ಪುಸ್ತಕ ನೋಡಿ ಕಂಪ್ಯೂಟರಿನ ಸೆಟ್ಟಿಂಗ್ ಅಂಕಿಗಳನ್ನು ಬದಲಿಸಿದಳು. "ನಿನ್ನ ಕಾರ್ಡಿನ್ಯಾಗ ಏನೋ ಐತಿ. ಎಳಿಯಾಗಂತೂ ತಪ್ಪಿಲ್ಲ," ಎನ್ನುತ್ತ ಅಪ್ಪ ಹಿಂದೆಯೇ ನಿಂತಿದ್ದರು. ಆಮೇಲೆ, ಇನ್ನೊಮ್ಮೆ ಆರಿಸಿದರೆ ಏಳಲಾರದೆಂದು ಹಳೆಯ ಕಂಪ್ಯೂಟರನ್ನು ಆರಿಸಲೂ ಬಿಡಲಿಲ್ಲ. ಮುದುಕರೂ ಮದುವೆಗೆ ಹೋಗಿದ್ದರೇನೋ, ಅಂಗಡಿಯ ಫೋನ್ ಎರಡು ದಿನ ಸುಮ್ಮನೆ ರಿಂಗಾಯಿತು. ಕಟಕಟ ಸದ್ದು ಹೆಚ್ಚುತ್ತಲೇ ಹೋಯಿತು.

ಮೂರನೆಯ ದಿನ ಬೆಳಿಗ್ಗೆ ಸಲೀಮ್ ಫೋನಿನಲ್ಲಿ ಸಿಕ್ಕ. "ಬರೇ ಎರಡ ಕಂಪ್ಯೂಟರ್ ಇದ್ರ, ಇದರ ಬಾಯಿ ಅದರ ಕಿವಿಗೆ ಹತ್ತಬೇಕ್ರಿ. ಅದಕ್ಕ ಒಂದ್ ಕಡೆ ಬೇಕಂತನ ಅದಲಬದಲ ಮಾಡಿರ್ತೀವಿ," ಅಂದ. ಕಸ್ತೂರಿ ಅದನ್ನು ಅಪ್ಪನಿಗೆ ಹೇಳಿದಳು, ದನಿ ಏರಿಸದೆ ಹೇಳಿದಳು. ಅವರು ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ಕಡೆ ಹೊರಟುಬಿಟ್ಟರು.

ನಾನು ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದ್ದೆ. ಮೂರು ದಿನ ಎರಡೂ ಕಂಪ್ಯೂಟರ್‌ಗಳು ಕರೆದೇ ಕರೆದವು, ಒಂದರ ಮಾತೂ ಇನ್ನೊಂದಕ್ಕೆ ಕೇಳಲಿಲ್ಲ. ನಾನು ನೆಟ್ಟಗಿದ್ದುದೇ ಅದಕ್ಕೆ ಕಾರಣ.

ಮಧ್ಯಾಹ್ನ ಎರಡರ ಹೊತ್ತಿಗೆ ಕಟಕಟ ಸದ್ದು ನಿಂತಿತು. ಪರದೆಯ ಮೇಲೆ ಡಿಸ್ಕ್ ಸಿಗುತ್ತಿಲ್ಲವೆಂಬ ಬಿಳಿ ಅಕ್ಷರದ ಒಂದು ಸಾಲು ಉಳಿಯಿತು. ಕಸ್ತೂರಿ ಡಬ್ಬಿಯ ಮೇಲೆ ಅಂಗೈ ಇಟ್ಟುಕೊಂಡು ಕೂತಳು.

ಹುಚ್ಚೇಶಪ್ಪನವರು ಏದುಸಿರು ಬಿಡುತ್ತ ಬಂದವರೇ ಪರದೆಯ ಕಡೆ ನೋಡದೆ ಬಗ್ಗಿ ನನ್ನನ್ನು ಕಿತ್ತು, ಅಂಗಡಿಯಿಂದ ತಂದ ಆ ಇನ್ನೊಂದನ್ನು ಸಿಕ್ಕಿಸಿದರು. ಎರಡೂ ಕಡೆ ಹಸಿರು ದೀಪ ಹತ್ತಿತು.

"ನೋಡವಾ, ಹತ್ತಿತು," ಅಂದರು.

"ದೀಪ ಹತ್ತೈತಿ ಯಪ್ಪಾ," ಅಂದಳು ಕಸ್ತೂರಿ. "ಒಳಗ ಏನೂ ಉಳದಿಲ್ಲ."

ಆಮೇಲೆ ಡಿಸ್ಕನ್ನು ಮೂರು ಊರುಗಳಲ್ಲಿ ತೋರಿಸಿದರು. ಎಲ್ಲರೂ ತಲೆ ಅಲ್ಲಾಡಿಸಿದರು. ಹುಚ್ಚೇಶಪ್ಪನವರು ನೆನಪಿನಿಂದಲೇ ಹೊಸದಾಗಿ ಬರೆಯಲು ಕೂತರು. ಹನ್ನೊಂದು ನಕ್ಷೆಗಳಾದವು. ಹನ್ನೆರಡನೆಯದರ ಅರ್ಧದಲ್ಲಿ ಬಳ್ಳಿ ಯಾವ ಕಡೆ ತಿರುಗುತ್ತಿತ್ತೆಂದು ಹೊಳೆಯದೆ ಪೆನ್ಸಿಲ್ ಕೆಳಗಿಟ್ಟರು, ಮತ್ತೆ ಎತ್ತಿಕೊಳ್ಳಲಿಲ್ಲ. ಕಸ್ತೂರಿ ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯುತ್ತಾಳೆ, ಊರೆಲ್ಲ ನೇಯುವ ಅದೇ ನಾಲ್ಕು ನಮೂನೆಗಳನ್ನು. ಅಪ್ಪನನ್ನು ಅವಳು ಒಂದು ದಿನವೂ ದೂರಲಿಲ್ಲ. ಅವಳು ಬೈದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ನನ್ನನ್ನು ಹಿತ್ತಲಲ್ಲಿ ಎರಡು ಗೂಟಗಳ ನಡುವೆ ಬಿಗಿದು ಹತ್ತೊಂಬತ್ತು ವರ್ಷಗಳಾದವು. ಬಣ್ಣ ಹಾಕಿದ ನೂಲಿನ ಲಡಿಗಳನ್ನು ನನ್ನ ಮೇಲೆ ಒಣಗಿಸುತ್ತಾರೆ. ಮೈ ಬಿಸಿಲಿಗೆ ಬಿರಿದು ಬೂದು ಬಣ್ಣಕ್ಕೆ ತಿರುಗಿದೆ. ತುದಿಯ ಪಿನ್ನು ಮಾತ್ರ ಹಾಗೇ ಉಳಿದಿದೆ. ಹುಚ್ಚೇಶಪ್ಪನವರಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಬಿಸಿಲಿಗೆ ಮೈ ಕಾಯಿಸಲು ಹಿತ್ತಲಿಗೆ ಬಂದಾಗ ಗೂಟದ ಬಳಿ ನಿಂತು, ನನ್ನ ತುದಿಯನ್ನು ಬೆರಳಲ್ಲಿ ಹಿಡಿದು, ಎಳೆಗಳ ಮೇಲೆ ಉಗುರು ಆಡಿಸುತ್ತಾರೆ. ಗೋಡೆ ಹಿಡಿದು ಇನ್ನೊಂದು ಗೂಟಕ್ಕೆ ಹೋಗಿ ಅಲ್ಲಿಯೂ ಎಣಿಸುತ್ತಾರೆ. ಎಂಟೂ ಸಿಗುತ್ತವೆ.

"ಒಂದೂ ತಪ್ಪಿಲ್ಲ," ಎನ್ನುತ್ತಾರೆ. ಒಳಗಿನಿಂದ ಕಸ್ತೂರಿ, "ಊಟಕ್ಕ ಬಾ ಯಪ್ಪಾ," ಎಂದು ಕರೆಯುತ್ತಾಳೆ.