ಒಂದು ಗೇಣು ಎತ್ತರ

ಮಳೆ ಹಿಡಿದರೆ ಗಳಗನಾಥದ ಕಡೆಯ ಎರೆಮಣ್ಣಿನ ದಾರಿಯಲ್ಲಿ ಗಾಡಿ ನಡೆಸುವುದು ಸುಲಭವಲ್ಲ. ತೊಂಬತ್ನಾಲ್ಕನೆಯ ಇಸವಿಯಲ್ಲಿ ದಸರೆ ಕಳೆದರೂ ಮಳೆ ನಿಂತಿರಲಿಲ್ಲ. ಉಡಚಪ್ಪನ ಪಿಕಪ್ ಗಾಡಿ ಒಂದೇ ವಾರದಲ್ಲಿ ಮೂರು ಸಲ ಹುಗಿಯಿತು. ಮೂರನೆಯ ಸಲ ಎರಡು ಜೋಡಿ ಎತ್ತು ಕಟ್ಟಿ ಎಳೆಸಬೇಕಾಯಿತು. ಅವನು ಮೈಮೇಲಿನ ಕೆಸರನ್ನೂ ತೊಳೆಯದೆ ಹೆಂಡತಿ ದೇವವ್ವನನ್ನು ಕರೆದುಕೊಂಡು ಹಾವೇರಿಗೆ ಬಂದ. ಅಲ್ಲಿ ಕುತುಬುದ್ದೀನ ಮಿಸ್ತ್ರಿಯ ಗ್ಯಾರೇಜಿತ್ತು.

“ಮಿಸ್ತ್ರಿ, ಗಾಡಿ ಒಂದು ಗೇಣು ಮ್ಯಾಲ ಎತ್ತರಿ. ಪಾಟಾದ ಕೆಳಗ ಕಬ್ಬಿಣದ ತುಂಡು ಇಟ್ಟು ಬಿಗೀರಿ. ನಾಕೂ ದೊಡ್ಡ ಟಾಯರ್ ಹಾಕ್ರಿ. ಇನ್ನ ಆ ಕೆಸರಿಗೆ ನಾ ಅಂಜೂದಿಲ್ಲ.”

ಪಾಟಾ ಎಂದರೆ ಗಾಲಿಯ ಅಚ್ಚಿನ ಮೇಲೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು. ಅವುಗಳ ಕೆಳಗೆ ತುಂಡು ಕೊಟ್ಟರೆ ಇಡೀ ಗಾಡಿ ಮೇಲೇಳುತ್ತದೆ. ಕುತುಬುದ್ದೀನನಿಗೆ ಅದು ಗೊತ್ತಿಲ್ಲದ ಕೆಲಸವಲ್ಲ. ಆದರೂ ಅವನು ತಲೆ ಎತ್ತದೆ, “ಸಾಮಾನು ಸಿಗವಲ್ದು, ಉಡಚಪ್ಪಣ್ಣ,” ಅಂದ.

ಅದು ಸುಳ್ಳು. ಎರಡು ವರ್ಷದಿಂದ ಈ ಕೆಲಸ ಕೇಳಿಕೊಂಡು ಬಂದ ಎಲ್ಲರಿಗೂ ಅವನು ಅದೇ ಸುಳ್ಳು ಹೇಳಿ ಕಳಿಸುತ್ತಿದ್ದ.

“ಸಿಗದಿದ್ರ ಬಿಡ್ರಿ,” ಅಂದ ಉಡಚಪ್ಪ. “ರಾಣೇಬೆನ್ನೂರಾಗ ಒಬ್ಬಾಂವ ಒಂದ ದಿನದಾಗ ಮಾಡಿಕೊಡತಾನಂತ. ನಾಳೆ ಅಲ್ಲಿಗೇ ಹೊಕ್ಕೇನಿ.”

ಕುತುಬುದ್ದೀನನ ಕೈ ನಿಂತಿತು. “ಹಿಂದ ಏನು ಹೇರತೀರಿ?”

“ಮೆಣಸಿನಕಾಯಿ ಚೀಲ. ಸುಗ್ಗಿ ಬಂದ್ರ ನಮ್ಮೂರ ಹೆಣ್ಮಕ್ಕಳೂ ಹತ್ತತಾರ. ಬ್ಯಾಡಗಿಗೆ ಕಾಯಿ ತುಂಬು, ತೊಟ್ಟು ಬಿಡಸಾಕ ಹೊಕ್ಕಾರಲ್ಲ. ಇಕಿನೂ ಹೊಕ್ಕಾಳ.”

ಕುತುಬುದ್ದೀನ ದೇವವ್ವನ ಕಡೆ ನೋಡಿದ. ಅವಳು ಸೆರಗಿನಿಂದ ಮುಖದ ಕೆಸರು ಒರೆಸಿಕೊಳ್ಳುತ್ತಿದ್ದಳು. ಅವನು ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ.

“ಸಾಮಾನು ಐತಿ. ಆದ್ರ ನಾ ಆ ಕೆಲಸ ಮಾಡೂದಿಲ್ಲ. ಗಾಡಿ ಎತ್ತರಾದಷ್ಟೂ ಅದರ ಭಾರ ಮ್ಯಾಲ ಹೊಕ್ಕೈತಿ. ತಂಗೀ, ತಲೀ ಮ್ಯಾಲ ಎರಡು ಕೊಡ ಹೊತ್ತಾಗ ಗಕ್ಕನ ತಿರುಗಾಕ ಬರ್ತೈತೇನು?”

“ಎಲ್ಲಿ ಬರ್ತೈತಿ? ವಾಲಿ ಬೀಳತೇವಿ,” ಅಂದಳು ದೇವವ್ವ.

“ಗಾಡಿನೂ ಹಂಗ.”

ಉಡಚಪ್ಪ ಒಪ್ಪಲಿಲ್ಲ. “ಲಾರಿ ಎತ್ತರ ಇರೂದಿಲ್ಲೇನು? ಅವೇನು ದಿನಾ ಬೀಳತಾವೇನು?”

“ಲಾರಿ ಅಗಲನೂ ಇರ್ತೈತಿ. ಅದರ ಅಚ್ಚು, ಬ್ರೇಕು ಆ ಎತ್ತರಕ್ಕ ಅಂತನ ಮಾಡಿರ್ತಾರ. ನಿಮ್ಮದು ಹಂಗಲ್ಲ. ದೊಡ್ಡ ಟಾಯರ್ ಹಾಕಿದ್ರ ಬ್ರೇಕ್ ಹಿಡಿದ್ರೂ ಗಾಡಿ ಮುಂದ ಹೋಗಿ ನಿಲ್ಲತೈತಿ. ಪೂರಾ ತಿರುವಿದಾಗ ಟಾಯರ್ ಮಡಗಾರ್ಡಿಗೆ ಬಡೀತೈತಿ.”

“ನೀವು ಬರೇ ಅಂಜಸಾಕತ್ತೀರಿ,” ಅಂತ ಉಡಚಪ್ಪ ಎದ್ದೇಬಿಟ್ಟ.

ಆಗ ಕುತುಬುದ್ದೀನ ಅಂದ: “ರಾಣೇಬೆನ್ನೂರಿಗೆ ನಾಳೆ ಹೋಗ್ರಿ. ಇವತ್ತ ಒಂದು ತಾಸು ನನ್ನ ಸಂಗಾಟ ಕರ್ಜಗಿಗೆ ಬರ್ರಿ. ನಾ ಒಬ್ಬನ ಹೋಗಾಕ ಎರಡು ವರ್ಷದಿಂದ ಧೈರ್ಯ ಸಾಲವಲ್ದು.”

ಆ ಮಾತಿನ ದನಿ ಕೇಳಿ ಉಡಚಪ್ಪ ಹೆಂಡತಿಯನ್ನೂ ಕರೆದುಕೊಂಡು ಅವನ ಜೊತೆ ಹೊರಟ.

ಕರ್ಜಗಿಯಲ್ಲಿ ಬಸವಣ್ಣೆವ್ವ ಎಂಬ ಹೆಣ್ಣುಮಗಳು ಪಡಸಾಲೆಯಲ್ಲಿ ಕೂತು ಎಡಗೈಯಿಂದ ಶೇಂಗಾ ಆರಿಸುತ್ತಿದ್ದಳು. ಬಲಗೈ ಮೊಣಕೈಯಲ್ಲಿ ಮಡಚಿ ಹಾಗೇ ಬಿಗಿದುಕೊಂಡು ಮಡಿಲಲ್ಲಿ ಬಿದ್ದಿತ್ತು. ಬಂದವರು ಯಾರೆಂದು ಅವಳಿಗೆ ತಿಳಿಯಲಿಲ್ಲ. ಆದರೂ, “ಬರ್ರೆಪಾ, ಕುಂದ್ರಿ,” ಅಂತ ಚಾಪೆ ಸರಿಸಿದಳು.

ಕುತುಬುದ್ದೀನ ಕೂರಲಿಲ್ಲ.

“ಎವ್ವಾ, ಎರಡು ವರ್ಷದ ಹಿಂದ ಮೋಟೆಬೆನ್ನೂರ ಹತ್ರ ನೀವು ಕುಂತ ಗಾಡಿ ಬಿತ್ತಲ್ಲ...”

“ಹೂನಪಾ. ನನ್ನ ತಂಗಿ ಜಯವ್ವ ಅಲ್ಲೇ ಹೋದ್ಲು. ನಂದು ಕೈ ಹೋತು.”

“ಆ ಗಾಡಿ ಎತ್ತರ ಮಾಡಿದಂವ ನಾನು.”

ಬಸವಣ್ಣೆವ್ವನ ಬೆರಳು ಶೇಂಗಾದ ಮೇಲೆ ನಿಂತವು. ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆಯ ಕೈಸಪ್ಪಳವೂ ನಿಂತಿತು.

ಕುತುಬುದ್ದೀನ ಒಂದೇ ಉಸಿರಿಗೆ ಹೇಳಿಕೊಂಡ. ಗಾಡಿಯ ಮಾಲೀಕ ಬಂದು ಕೇಳಿದ್ದ, ಇವನು ತುಂಡು ಕೊಟ್ಟು ಎತ್ತರಿಸಿದ್ದ, ಅಳತೆ ಮೀರಿದ ಟಾಯರ್ ಹಾಕಿದ್ದ. ಅದೂ ಮುಂದಿನ ಗಾಲಿಗೆ ಸವೆದ ಟಾಯರಿಗೆ ಮೇಲೆ ಹೊಸ ರಬ್ಬರ್ ಅಂಟಿಸಿದ್ದನ್ನು ಹಾಕಿದ್ದ. ತಿರುವಿನಲ್ಲಿ ಎತ್ತಿನ ಚಕ್ಕಡಿಯೊಂದು ಅಡ್ಡ ಬಂದಾಗ ಡ್ರೈವರ್ ಫಕ್ಕೀರೇಶ ಸ್ಟೇರಿಂಗ್ ತಿರುವಿದ್ದ. ಗಾಡಿಯನ್ನು ಎಳೆದು ತಂದ ಮೇಲೆ ಕುತುಬುದ್ದೀನ ಬಗ್ಗಿ ನೋಡಿದ್ದ. ಮಡಗಾರ್ಡಿನ ಒಳಗೆ ರಬ್ಬರ್ ಉಜ್ಜಿದ ಕರಿ ಗುರುತಿತ್ತು. ಟಾಯರ್ ಅಲ್ಲಿ ಸಿಕ್ಕಿಕೊಂಡಿತ್ತು. ಗಾಡಿ ತಿರುಗಬೇಕಾದಷ್ಟು ತಿರುಗದೆ, ತಲೆಭಾರಕ್ಕೆ ವಾಲಿ ಮಗುಚಿತ್ತು.

“ಅಂವ ಕುಡದಿದ್ದ ಅಂದ್ರು ಮಂದಿ,” ಅಂದಳು ಬಸವಣ್ಣೆವ್ವ. “ನಾ ಎರಡು ವರ್ಷ ಅಂವಗ ಶಾಪ ಹಾಕೇನಿ. ಕುಡದಿರಲಿಲ್ಲೇನು?”

“ಇರಲಿಲ್ಲ, ಎವ್ವಾ.”

“ಗಾಡಿ ಎತ್ತರ ಮಾಡೂವಾಗ ನಿನಗ ಗೊತ್ತಿತ್ತೇನು, ಹಿಂಗಾಕ್ಕೈತಿ ಅಂತ?”

“ಪೂರಾ ಗೊತ್ತಿರಲಿಲ್ಲ. ಸಂಶಯ ಇತ್ತು. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ.”

ಅವಳು ಅವನ ಕಡೆಯಿಂದ ಮುಖ ತಿರುಗಿಸಿದಳು. ಆಮೇಲೆ ದೇವವ್ವನ ಕಡೆ ತಿರುಗಿ ಕೇಳಿದಳು: “ನೀ ಯಾಕ ಬಂದೀಯವಾ?”

ದೇವವ್ವ ತಮ್ಮ ಗಾಡಿಯ ವಿಷಯ ಹೇಳಿದಳು.

“ಎಷ್ಟು ಮಂದಿ ಹತ್ತತೀರಿ?”

“ಹನ್ನೆರಡು ಮಂದಿರಿ.”

“ಹೆಸರು ಹೇಳು.”

“ಮೈಲವ್ವ, ಚೌಡವ್ವ, ಗುಲಾಬಬಿ, ನಮ್ಮ ನೆಗೆಣ್ಣಿ, ಆಕಿ ಮಗಳು...” ದೇವವ್ವ ಅಲ್ಲಿಗೇ ನಿಲ್ಲಿಸಿ ಗಂಡನ ಕಡೆ ನೋಡಿದಳು. ಉಡಚಪ್ಪ ತಲೆ ತಗ್ಗಿಸಿ ಕೂತಿದ್ದ.

ಹೊರಡುವಾಗ ಕುತುಬುದ್ದೀನ ಕೈ ಮುಗಿದ. ಬಸವಣ್ಣೆವ್ವ ಕ್ಷಮಿಸಿದೆ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. “ನನಗ ಹೇಳಿದ್ದನ್ನ ಆ ಡ್ರೈವರಗೂ ಹೇಳು. ಅಂವನ ಊರಾಗ ನಿಂತು, ನಾಕು ಮಂದಿ ಮುಂದ ಹೇಳು. ಆಮ್ಯಾಲ ಬೇಕಾದ್ರ ಇಲ್ಲಿ ಬಾ,” ಅಂದಳು.

ಮರುದಿನ ಕುತುಬುದ್ದೀನ ಗ್ಯಾರೇಜಿನ ಬಾಗಿಲು ತೆಗೆಯಲಿಲ್ಲ. ಬಸ್ಸು ಹತ್ತಿ ಫಕ್ಕೀರೇಶನ ಊರು ಬ್ಯಾಡಗಿಗೆ ಹೋದ. ಗಾಡಿ ಬಿದ್ದ ಮೇಲೆ ಫಕ್ಕೀರೇಶನನ್ನು ಯಾರೂ ಡ್ರೈವರ್ ಕೆಲಸಕ್ಕೆ ಕರೆದಿರಲಿಲ್ಲ. ಅವನು ಅಲ್ಲಿನ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಚೀಲಗಳ ನಡುವೆ ನಿಂತು, ಜೊತೆಯ ಹಮಾಲರು ಕೇಳುವ ಹಾಗೆ ಕುತುಬುದ್ದೀನ ಎಲ್ಲವನ್ನೂ ಹೇಳಿದ. ಫಕ್ಕೀರೇಶ ಬೆನ್ನ ಮೇಲಿನ ಚೀಲ ಇಳಿಸಿ ಅದರ ಮೇಲೇ ಕೂತ. “ನಾನೂ ನಂದ ತಪ್ಪು ಅಂತ ತಿಳಕೊಂಡಿದ್ದೆ, ಮಿಸ್ತ್ರಿ,” ಅಂದವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಅದರ ಮರುದಿನ ಉಡಚಪ್ಪ, ದೇವವ್ವ ಮತ್ತೆ ಗ್ಯಾರೇಜಿಗೆ ಬಂದರು. ರಾಣೇಬೆನ್ನೂರಿನ ಮಾತೇ ಬರಲಿಲ್ಲ.

“ಎತ್ತರ ಬ್ಯಾಡ. ಆದ್ರ ಕೆಸರಿಗೆ ಏನ್ ಮಾಡ್ಲಿ? ಅದು ಹಂಗ ಐತಲ್ಲ,” ಅಂದ ಉಡಚಪ್ಪ.

ಕುತುಬುದ್ದೀನ ಗಾಡಿಯ ಕೆಳಗೆ ತೂರಿ ನೋಡಿದ. “ಪಾಟಾ ಜಗ್ಗಿ ಚಪ್ಪಟಿ ಆಗ್ಯಾವ. ಅದಕ್ಕ ಹೊಟ್ಟಿ ಕೆಳಗ ಬಂದೈತಿ. ಕಂಪನಿ ಎಷ್ಟು ಪಟ್ಟಿ ಕೊಟ್ಟಿತ್ತೋ ಅಷ್ಟ ಹೊಸಾವು ಹಾಕೋಣ, ತನ್ನ ಎತ್ತರಕ್ಕ ತಾನ ಬರ್ತೈತಿ. ಟಾಯರ್ ಅಳತಿ ಬದಲಿ ಮಾಡೂದು ಬ್ಯಾಡ. ಅದ ಅಳತಿಯೊಳಗ ಹಿಂದಿನ ಗಾಲಿಗೆ ಆಳ ಹಲ್ಲಿನ ಟಾಯರ್ ಸಿಗತಾವ, ಕೆಸರು ಕಚ್ಚಿ ಹಿಡೀತಾವ. ಮುಂದಿನವು ಎರಡೂ ಹೊಸಾವು, ಒಂದ ಥರದ್ದು ಇರಬೇಕು. ಮಳ್ಯಾಗ ಹೇರು ಕಮ್ಮಿ ಮಾಡ್ರಿ. ಎರಡು ಹಲಗಿ ಗಾಡ್ಯಾಗ ಇಟ್ಕೋರಿ, ಹುಗದ್ರ ಗಾಲಿ ಕೆಳಗ ಕೊಡಾಕ.”

“ಮತ್ತ ಹೆಣ್ಮಕ್ಕಳು?” ಅಂತ ಉಡಚಪ್ಪ ಕೇಳುವಷ್ಟರಲ್ಲಿ ದೇವವ್ವನೇ ಅಂದಳು: “ನಾವು ಬಸ್ಸಿಗೆ ಹೊಕ್ಕೇವಿ. ಎಲ್ಲಾರಿಗೂ ನಾ ಹೇಳೇನಿ. ಅದು ಚೀಲ ಹೊರೂ ಗಾಡಿ, ಮಂದಿ ಕುಂದ್ರೂ ಗಾಡಿ ಅಲ್ಲ. ಮುಂಜಾನೆ ಒಂದು ತಾಸು ಮೊದಲ ಎದ್ದರಾತು.”

ಉಡಚಪ್ಪ ಹೂಂ ಅಂದ. ಸುಗ್ಗಿಯಲ್ಲಿ ಅವನ ಗಾಡಿ ಮೆಣಸಿನಕಾಯಿ ಹೊತ್ತು ಬ್ಯಾಡಗಿಗೆ ಓಡಾಡಿತು. ಅಕಾಲದ ಮಳೆಗೆ ಒಂದೆರಡು ಸಲ ಹುಗಿಯಿತು ಕೂಡ. ಹಲಗೆ ಕೊಟ್ಟು ಎತ್ತಿಕೊಂಡ. ಹನ್ನೆರಡು ಮಂದಿ ಹೆಣ್ಣುಮಕ್ಕಳು ಬಸ್ಸಿನಲ್ಲಿ ಹೋದರು, ಬಸ್ಸಿನಲ್ಲಿ ಬಂದರು.

ಕುತುಬುದ್ದೀನ ಕರ್ಜಗಿಗೆ ಮತ್ತೊಮ್ಮೆ ಹೋಗಿ ಬಂದ. ಈ ಸಲ ಫಕ್ಕೀರೇಶನೂ ಜೊತೆಗಿದ್ದ. ಬಸವಣ್ಣೆವ್ವ ಇಬ್ಬರಿಗೂ ನೀರು ಕೊಟ್ಟಳು.

ಗಾಡಿ ಇಟ್ಟುಕೊಂಡ ಅಣ್ಣತಮ್ಮಂದಿರೇ, ಟಾಯರ್ ಬದಲಿಸುವ ಮೊದಲು ಗಾಡಿಯ ಜೊತೆ ಕಂಪನಿ ಕೊಟ್ಟ ಪುಸ್ತಕದಲ್ಲಿ ಬರೆದ ಅಳತೆ ನೋಡಿಕೊಳ್ಳಿ. ಓದಲು ಬರದಿದ್ದರೆ ಓದಿಸಿ ಕೇಳಿ. ಯಾರೋ ಎತ್ತರ ಮಾಡಿಸಿದ್ದಾರೆಂದು ನೀವೂ ಮಾಡಿಸಬೇಡಿ. ಮಿಸ್ತ್ರಿಗಳೇ, ನಿಮ್ಮ ಕೈಗೆ ತಪ್ಪೆಂದು ಗೊತ್ತಾದ ಕೆಲಸಕ್ಕೆ ನೆಪ ಹೇಳಬೇಡಿ, ಕಾರಣ ಹೇಳಿ. ನೆಪ ಕೇಳಿದವನು ಮುಂದಿನ ಊರಿಗೆ ಹೋಗುತ್ತಾನೆ. ಕೂಲಿಗೆ ಹೋಗುವ ಅಕ್ಕತಂಗಿಯರೇ, ಚೀಲದ ಮೇಲೆ ಕೂರಿಸುವ ಗಾಡಿಗೆ ಹತ್ತುವುದಿಲ್ಲ ಎಂದು ನಿಮ್ಮ ಸಂಘದಲ್ಲಿ ಇವತ್ತೇ ಎಲ್ಲರೂ ಕೂಡಿ ಮಾತಾಡಿಕೊಳ್ಳಿ. ಸಂಜೆ ನೀವೆಲ್ಲರೂ ನಿಮ್ಮ ಕಾಲ ಮೇಲೆ ನಡೆದು ಮನೆಗೆ ಬರಬೇಕು.