ಮೂರನೆಯದಕ್ಕೆ ಜ್ವರ

ಮರ ಒಣಗಿಸುವ ಕೋಣೆ. ಕಾವಿನ ಕೊಳವೆಗಳು ಇಂದು ತಣ್ಣಗಿವೆ. ಗೋಡೆಯುದ್ದಕ್ಕೂ ಬೆರಳುದ್ದದ ಹನ್ನೆರಡು ಹಿತ್ತಾಳೆಯ ಕಡ್ಡಿಗಳು ಸಾಲಾಗಿ ಚಾಚಿಕೊಂಡಿವೆ. ಪ್ರತಿಯೊಂದರ ಕೆಳಗೂ ಬಿಳಿ ಬಣ್ಣದಲ್ಲಿ ನಾನೇ ಬರೆದ ಅಂಕಿ. ಬಾಗಿಲ ಬಳಿಯ ‘ಒಂದು’ ಮಾಸಿದೆ. ಮೂಲೆಯ ‘ಹನ್ನೆರಡು’ ನಿನ್ನೆ ಬರೆದಂತಿದೆ. ಹಲಗೆಗಳ ಅಟ್ಟಿಯ ಮೇಲೆ ಸೊಸೆಯ ಲ್ಯಾಪ್‌ಟಾಪ್. ಅದರ ಬೆಳಕಿನಲ್ಲಿ ಗರಗಸದ ಹುಡಿ ನಿಂತಲ್ಲೇ ನಿಂತಿದೆ.

ಮೂವತ್ತು ವರ್ಷಗಳ ಹಿಂದೆ ಈ ಉಷ್ಣಮಾಪಕಗಳನ್ನು ಕೂರಿಸಿದವನು ನಾನು. ಅಳತೆ ತೋರಿಸುತ್ತಿದ್ದ ಪರದೆ ಕೆಟ್ಟಿತು. ಮಾಡಿದ ಕಂಪನಿಯೂ ಮುಚ್ಚಿತು. ಕಡ್ಡಿಗಳು ಮಾತ್ರ ಗಟ್ಟಿ. ಯಾರೋ ಅಪರಿಚಿತರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ತಂತ್ರಾಂಶವೊಂದರಿಂದ ಸೊಸೆ ಅವುಗಳನ್ನು ಮಾತನಾಡಿಸುತ್ತಿದ್ದಳು. ಮಧ್ಯಾಹ್ನದೊಳಗೆ ಅಳತೆ ಸರಿಬಾರದಿದ್ದರೆ ಎಲ್ಲವನ್ನೂ ಕಿತ್ತು ಗುಜರಿಗೆ ಹಾಕುವುದೆಂದು ಕಾರ್ಖಾನೆಯ ಯಜಮಾನರ ತೀರ್ಮಾನ. ಗಡಿಯಾರ ನೋಡುತ್ತ ಅವರೂ ಅಲ್ಲೇ ನಿಂತಿದ್ದರು.

“ಹನ್ನೆರಡನೇದು ಬಾಯೇ ಬಿಡ್ತಿಲ್ಲ, ಮಾವ,” ಎಂದಳು ಸೊಸೆ.

“ವಯಸ್ಸಾಯ್ತಲ್ಲಮ್ಮ, ಕಿವಿ ಕೇಳಿಸ್ತಿರಲ್ಲ ಅದಕ್ಕೆ,” ಎಂದರು ಯಜಮಾನರು.

“ವಯಸ್ಸು ನನಗೂ ಆಗಿದೆ ಸ್ವಾಮಿ. ನೀವು ಗೊಣಗೋದೆಲ್ಲ ಕೇಳಿಸ್ತಾನೇ ಇದೆ,” ಎಂದು ನಾನು ಹಳೆಯ ಸಲುಗೆಯಿಂದ ಹೇಳಿ, ಮೂರನೆಯ ಕಡ್ಡಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದೆ.

“ಅಯ್ಯೋ, ಎರಡನೇದು ಏರ್ತಿದೆ!” ಎಂದಳು ಸೊಸೆ, ಪರದೆ ನೋಡುತ್ತ.

ಐದನೆಯದನ್ನು ಹಿಡಿದೆ. ನಾಲ್ಕು ಏರಿತು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದೆಯಲ್ಲಮ್ಮ ನಿನ್ನ ಯಂತ್ರ! ನಾನು ಒಂದರಿಂದ ಎಣಿಸಿದ್ದೀನಿ. ಈ ತಂತ್ರಾಂಶ ಬರೆದವರು ಎಲ್ಲಿಂದ?”

ಸೊಸೆ ಹಣೆ ಚಚ್ಚಿಕೊಂಡು ನಕ್ಕಳು. “ಸೊನ್ನೆಯಿಂದ! ಅವರ ಒಂದು ಅಂದ್ರೆ ನಮ್ಮ ಎರಡು. ನಾನು ಗೋಡೆ ಮೇಲಿನ ಅಂಕಿನೇ ಹಾಗೇ ಹಾಕ್ಬಿಟ್ಟೆ. ಇದು ಪ್ರತಿ ಸಲ ಪಕ್ಕದವರನ್ನ ಕೇಳ್ತಿದೆ. ಹನ್ನೆರಡರ ಪಕ್ಕ ಯಾರಿದ್ದಾರೆ, ಮೂಲೆ ತಾನೇ!”

ಎಲ್ಲ ಅಂಕಿಗಳಲ್ಲೂ ಒಂದನ್ನು ಕಳೆದಳು. ಹನ್ನೆರಡನೆಯದು ಮಾತನಾಡಿತು. ಆಮೇಲೆ ಆ ತಂತ್ರಾಂಶವನ್ನು ನೋಡಿಕೊಳ್ಳುವವರಿಗೆ ಒಂದು ಸಾಲು ಬರೆದು ಕಳಿಸಿದಳು: ‘ಹಳೆಯ ಗೋಡೆಗಳು ಒಂದರಿಂದ ಎಣಿಸುತ್ತವೆ, ಅನುಮಾನವಿದ್ದರೆ ಅಂಗೈಯಿಟ್ಟು ನೋಡಿ. ಹೇಳಿದವರು, ನಮ್ಮ ಮಾವ.’ ನಾನೆಂದೂ ಕಾಣದ ಊರುಗಳಲ್ಲಿ ಯಾರೋ ತಣ್ಣನೆಯ ಲೋಹದ ಮೇಲೆ ಅಂಗೈಯಿಡುವುದನ್ನು ನೆನೆದು ನನ್ನ ಕೈ ಬೆಚ್ಚಗಾಯಿತು.

“ಗುಜರಿಯವನಿಗೆ ಬರಬೇಡ ಅಂತೀನಿ ಬಿಡಿ,” ಎಂದು ಯಜಮಾನರು ಬಾಗಿಲು ತೆರೆದರು. ಹೊರಗಿನ ಚಳಿ ನುಗ್ಗಿತು. ಪರದೆಯ ಮೇಲೆ ಬಾಗಿಲ ಬಳಿಯ ಒಂದನೆಯದು, ಅದೊಂದೇ, ಒಂದು ಡಿಗ್ರಿ ಇಳಿಯಿತು. ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು.